ಬತ್ತಲು ಬಿಟ್ಟ ಕೊಳ

ಪುಣೆಯಲ್ಲಿ ನಾವು ಕೆಲವು ಕನ್ನಡಿಗರು ತಿಂಗಳಿಗೊಮ್ಮೆ ಭಾನುವಾರ ಬೆಳಿಗ್ಗೆ ಸೇರುತ್ತೇವೆ. ಅಲ್ಲಿ ಆಡಿದ ಮಾತು ಇದು. ಬರೆದು ಕೊಡಿ ಎಂದು ಕೆಲವರು ಕೇಳಿದರು. ಮಾತಿನ ಧಾಟಿ ಹಾಗೇ ಇರಲಿ ಅಂತ ಹೆಚ್ಚು ತಿದ್ದಿಲ್ಲ. ಸಭೆಯಲ್ಲಿ ಬಂದ ಪ್ರಶ್ನೆಗಳನ್ನೂ ಕೊನೆಗೆ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಮ್ಮ ಮನೆ ಸಿಂಹಗಡ ರಸ್ತೆಯ ಧಾಯರಿಯಲ್ಲಿದೆ. ಮನೆ ಹಿಂದೆ ಒಂದು ತುಂಡು ಜಾಗ, ಅದರಲ್ಲಿ ಒಂದು ಕೊಳ. ಉದ್ದ 3 ಮೀಟರ್, ಅಗಲ 2 ಮೀಟರ್. ಬಹಳ ಆಳ ಇರುವ ಕಡೆ 75 ಸೆಂಟಿಮೀಟರ್. ಕಾರಂಜಿ ಇಲ್ಲ, ಬಣ್ಣದ ಮೀನಿಲ್ಲ, ದೀಪ ಇಲ್ಲ. ಕಪ್ಪೆ, ಹುಳು, ಹಕ್ಕಿ ಬರಲಿ, ಇರುವಷ್ಟು ದಿನ ಇದ್ದು ಹೋಗಲಿ ಅಂತ ಮಾಡಿದ ಕೊಳ.

ನನಗೆ ಹೇಳಬೇಕಾಗಿರುವುದು ಒಂದೇ ಮಾತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಇಂಥ ಕೊಳ ಮಾಡಬೇಕು ಅನ್ನುವವರು ವಿಡಿಯೋ ಹುಡುಕಿದರೆ ಸಿಗುವುದು ಹೆಚ್ಚಾಗಿ ಇಂಗ್ಲೆಂಡಿನ ಕೊಳಗಳು. ಅಲ್ಲಿ ವರ್ಷವಿಡೀ ಅಷ್ಟಿಷ್ಟು ಮಳೆ ಬೀಳುತ್ತಲೇ ಇರುತ್ತದೆ. ಹಾಗಾಗಿ ಕೊಳ ಯಾವಾಗಲೂ ತುಂಬಿರುತ್ತದೆ. ಚಳಿಗೆ ತಳದವರೆಗೂ ಹೆಪ್ಪುಗಟ್ಟಬಾರದು ಅಂತ ಇಷ್ಟು ಆಳ ತೋಡಿ ಅನ್ನುತ್ತಾರೆ. ಅವರ ಊರಿಗೆ ಅದು ಸರಿ. ಪುಣೆ ಊರಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಉಳಿದ ಎಂಟು ತಿಂಗಳು ಒಣ ಗಾಳಿ. ಇಲ್ಲಿಯ ಕಪ್ಪೆಗಳು, ಹುಳುಗಳು, ನೀರಿನ ಗಿಡಗಳು ಆ ಲೆಕ್ಕಕ್ಕೆ ಹೊಂದಿಕೊಂಡೇ ಬದುಕಿವೆ. ನಮ್ಮ ಕೊಳವೂ ಅದೇ ಲೆಕ್ಕಕ್ಕೆ ನಡೆಯಬೇಕು. ಮುಂಗಾರಿಗೆ ತುಂಬಬೇಕು, ಬೇಸಿಗೆಗೆ ಬತ್ತಬೇಕು. ನಾವು ಅದನ್ನು ಬತ್ತಲು ಬಿಡಬೇಕು.

ಇದು ನನಗೆ ಮೊದಲೇ ಗೊತ್ತಿರಲಿಲ್ಲ. ನಾನು ಮೊದಲು ಮಾಡಿಸಿದ್ದು ಸಿಮೆಂಟಿನ ತೊಟ್ಟಿ. 2016ರಲ್ಲಿ, ತೋಟದ ಕೆಲಸ ಮಾಡಿಸುವ ಒಬ್ಬ ಗುತ್ತಿಗೆದಾರರಿಗೆ ಒಪ್ಪಿಸಿದೆ. ನಾಲ್ಕು ಕಡೆ ನೇರ ಗೋಡೆ, ಒಳಗೆ ನುಣುಪಾದ ನೀಲಿ ಟೈಲ್ಸ್. ನೋಡಲು ಚೆನ್ನಾಗಿತ್ತು. ಹೊಸ ಸಿಮೆಂಟಿನಿಂದ ಸುಣ್ಣ ನೀರಿಗೆ ಇಳಿಯುತ್ತದೆ, ಆ ನೀರು ಜೀವಿಗಳಿಗೆ ಆಗುವುದಿಲ್ಲ, ಹಲವು ಸಲ ತುಂಬಿಸಿ ಖಾಲಿ ಮಾಡಬೇಕು ಅಂತ ನನಗೆ ಯಾರೂ ಹೇಳಲಿಲ್ಲ. ಆದರೆ ದೊಡ್ಡ ತಪ್ಪು ಆ ಗೋಡೆಗಳದ್ದು. ಆ ಮಳೆಗಾಲದಲ್ಲಿ ನೆಲಗಪ್ಪೆಗಳು ಬಂದು ಮೊಟ್ಟೆ ಇಟ್ಟವು. ಗೊದಮೊಟ್ಟೆಗಳು ಬೆಳೆದು, ಕಾಲು ಮೂಡಿ, ಉಗುರಿನಷ್ಟು ಮರಿಗಪ್ಪೆಗಳಾದವು. ಆಗ ಅವು ನೆಲಕ್ಕೆ ಹತ್ತಬೇಕು. ಹತ್ತಲು ಜಾಗವೇ ಇರಲಿಲ್ಲ. ಟೈಲ್ಸ್ ಮೇಲೆ ಜಾರಿ ಜಾರಿ ಬೀಳುತ್ತಿದ್ದವು. ನಾನು ಒಂದು ಹಲಗೆ ಇಳಿಬಿಡುವ ಹೊತ್ತಿಗೆ ತುಂಬಾ ಸತ್ತು ಹೋಗಿದ್ದವು. ಡಿಸೆಂಬರ್‌ನಲ್ಲಿ ಒಂದು ದಿನ ಬೆಳಿಗ್ಗೆ ನೋಡಿದರೆ ಅಳಿಲು ಒಂದು ತೇಲುತ್ತಿತ್ತು. ನೀರು ಕುಡಿಯಲು ಬಗ್ಗಿ ಬಿದ್ದಿರಬೇಕು. ಆ ಅಳಿಲನ್ನು ಕೈಯಲ್ಲಿ ಎತ್ತಿಕೊಂಡಾಗ ಆದ ಸಂಕಟ ಇನ್ನೂ ನೆನಪಿದೆ. ಮಾರನೇ ವಾರವೇ ತೊಟ್ಟಿಯ ಒಂದು ಗೋಡೆ ಒಡೆಸಿದೆ.

ಇದು ಮನೆಯ ತೊಟ್ಟಿಗೆ ಮಾತ್ರ ಸೇರಿದ ಮಾತಲ್ಲ. ಮಹಾರಾಷ್ಟ್ರದ ಹೊಲಗಳಲ್ಲಿ ನೀವು ಶೇತ್‌ತಳೆ ನೋಡಿರುತ್ತೀರಿ. ನಮ್ಮ ಕಡೆ ಕೃಷಿ ಹೊಂಡ ಅನ್ನುತ್ತೇವೆ. 2016ರಿಂದ ಇಲ್ಲಿಯ ಸರಕಾರ ‘ಮಾಗೇಲ್ ತ್ಯಾಲಾ ಶೇತ್‌ತಳೆ’ ಅಂತ ಯೋಜನೆಯನ್ನೇ ತಂದಿತು. ಕೇಳಿದವರಿಗೆಲ್ಲ ಹೊಂಡ ಅಂತ ಅದರ ಅರ್ಥ. ರೈತರಿಗೆ ಅದು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ಲಾಸ್ಟಿಕ್ ಹಾಸಿದ ಕಡಿದಾದ ಇಳಿಜಾರಿನಲ್ಲಿ ಕಾಲು ನಿಲ್ಲುವುದಿಲ್ಲ. ನೀರಿಗೆ ಬಂದ ಪ್ರಾಣಿಗಳು ಬಿದ್ದು ಹತ್ತಲಾಗದೆ ಸಾಯುತ್ತವೆ. ಮಕ್ಕಳೂ ಸತ್ತಿದ್ದಾರೆ. ಒಂದು ಹಗ್ಗದ ಏಣಿ, ಒಂದು ಗೋಣಿತಾಟಿನ ಹಾಸು ಇಳಿಬಿಟ್ಟಿದ್ದರೂ ಎಷ್ಟೋ ಜೀವ ಉಳಿಯುತ್ತವೆ. ನಿಮ್ಮ ಊರಲ್ಲಿ ಹೊಲ ಇದ್ದರೆ, ಅದರಲ್ಲಿ ಹೊಂಡ ಇದ್ದರೆ, ಇವತ್ತೇ ಫೋನ್ ಮಾಡಿ ಹೇಳಿ. ನಿಜವಾಗಿ ಹೇಳುತ್ತಿದ್ದೇನೆ, ನನ್ನ ಕೊಳಕ್ಕಿಂತ ಅದು ಮುಖ್ಯ.

ಈಗಿನ ಕೊಳ ತೋಡಿಸಿದ್ದು 2018ರ ಮೇ ತಿಂಗಳಲ್ಲಿ. ಅಗೆಯಲು ಬಂದವರು ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಗೌಂಡಿ ಮತ್ತು ಅವರ ತಮ್ಮ. ಪುಣೆಯಲ್ಲಿ ಕಟ್ಟಡ ಕೆಲಸ ಮಾಡುವವರಲ್ಲಿ ನಮ್ಮ ವಿಜಯಪುರ, ಕಲಬುರಗಿ ಕಡೆಯವರು ಎಷ್ಟು ಜನ ಇದ್ದಾರೆ ಅಂತ ನಿಮಗೆ ಗೊತ್ತೇ ಇದೆ. ನಾನು ಕಾಗದದ ಮೇಲೆ ಬರೆದ ಚಿತ್ರ ತೋರಿಸಿದೆ. ಅವರು ಒಂದು ಸುತ್ತು ಹಾಕಿ ಬಂದು ಕೇಳಿದ ಮೊದಲ ಪ್ರಶ್ನೆ: “ಅಕ್ಕಾರ, ಕೋಡಿ ಎಲ್ಲಿ ಇಡೂದ್ರಿ?”

ನಾನು ನೋಡಿದ ಯಾವ ವಿಡಿಯೋದಲ್ಲೂ ಆ ಪ್ರಶ್ನೆ ಇರಲಿಲ್ಲ. ಕೋಡಿ ಅಂದರೆ ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಹರಿದು ಹೋಗುವ ದಾರಿ. ಏರಿ, ತೂಬು, ಕೋಡಿ, ಈ ಮೂರೂ ಇದ್ದರೆ ಕೆರೆ. ಕೋಡಿ ಇಲ್ಲದ ಕೆರೆ ಏರಿಯನ್ನೇ ಒಡೆದುಕೊಂಡು ಹೋಗುತ್ತದೆ. ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲೇ ಖಡಕ್‌ವಾಸ್ಲಾ ಅಣೆಕಟ್ಟು ಇದೆ. ಅಲ್ಲಿ 1903ರಲ್ಲಿ ವಿಶ್ವೇಶ್ವರಯ್ಯನವರು ಕೂರಿಸಿದ ತಾನಾಗಿ ತೆರೆಯುವ ಬಾಗಿಲುಗಳ ಕೆಲಸವೂ ಇದೇ. ನೀರು ಒಂದು ಮಟ್ಟ ದಾಟಿದರೆ ಬಾಗಿಲು ತೆರೆದುಕೊಳ್ಳುತ್ತದೆ, ಇಳಿದರೆ ಮುಚ್ಚಿಕೊಳ್ಳುತ್ತದೆ. ನಮ್ಮ ಪುಟ್ಟ ಕೊಳಕ್ಕೆ ಅಂಥದ್ದೇನೂ ಬೇಡ. ಒಂದು ಕಡೆ ಅಂಚನ್ನು ಎರಡು ಬೆರಳು ತಗ್ಗಿಸಿ, ಅಲ್ಲಿಂದ ಹೊರಗೆ ಕಲ್ಲು ಹಾಸಿದ ಕಾಲುವೆ ತೆಗೆದೆವು. ಆ ನೀರು ಹೋಗಿ ಕೆಸುವಿನ ಗಿಡಗಳ ಬುಡ ಸೇರುತ್ತದೆ. ಜುಲೈ ತಿಂಗಳಲ್ಲಿ ಕೊಳ ಕೋಡಿ ಬಿದ್ದ ದಿನ ಅವರಿಗೆ ಫೋನ್ ಮಾಡಿ ಹೇಳಿದೆ. ಬಹಳ ಸಂತೋಷಪಟ್ಟರು.

ಅಗೆಯುವ ವಿಷಯಕ್ಕೆ ಬರುತ್ತೇನೆ. ಧಾಯರಿಯಲ್ಲಿ ಒಂದೂವರೆ ಅಡಿ ಮಣ್ಣು ಹೋದರೆ ಮುರುಮು, ಅಂದರೆ ನಮ್ಮ ಗರಸು. ಅದರ ಕೆಳಗೆ ಕರಿ ಬಂಡೆ. ಆಳ ಜಾಸ್ತಿ ಬೇಕು ಅಂತ ಹಟ ಹಿಡಿದರೆ ಬಂಡೆ ಒಡೆಯಬೇಕು. ನಾವು ಸಿಕ್ಕಷ್ಟಕ್ಕೆ ನಿಲ್ಲಿಸಿದೆವು. ಒಂದು ಕಡೆ ಮಾತ್ರ ಆಳದ ಗುಂಡಿ. ಅಲ್ಲಿಂದ ಮೇಲಕ್ಕೆ ತಟ್ಟೆಯ ಹಾಗೆ ನಿಧಾನವಾಗಿ ಏರುವ ಇಳಿಜಾರು. ಇನ್ನೊಂದು ಕಡೆ 10–15 ಸೆಂಟಿಮೀಟರ್ ನೀರು ನಿಲ್ಲುವ ಅಗಲವಾದ ಮೆಟ್ಟಿಲು. ಕೊಳದಲ್ಲಿ ಜೀವ ಹೆಚ್ಚು ಇರುವುದು ಈ ತೆಳುನೀರಿನಲ್ಲೇ. ಬೇಗ ಬಿಸಿಯಾಗುತ್ತದೆ, ಗಿಡ ಹಬ್ಬುತ್ತದೆ, ಹಕ್ಕಿ ಇಳಿದು ಸ್ನಾನ ಮಾಡುತ್ತದೆ, ಮರಿಗಪ್ಪೆ ನಡೆದು ಹೊರಗೆ ಹೋಗುತ್ತದೆ. ಆಳವಾದ ಕೊಳ ಒಳ್ಳೆಯದು ಅನ್ನುವ ಭ್ರಮೆ ಬಿಡಿ. ಅಂಚು ಎಷ್ಟು ಅಗಲ ಅನ್ನುವುದು ಮುಖ್ಯ.

ಅಂಚಿನ ಮಟ್ಟ ಸುತ್ತಲೂ ಒಂದೇ ಇರಬೇಕು. ಇಲ್ಲದಿದ್ದರೆ ನೀರೆಲ್ಲ ತಗ್ಗಿನ ಕಡೆಯಿಂದ ಹರಿದು, ಇನ್ನೊಂದು ಕಡೆ ಬರೀ ಪ್ಲಾಸ್ಟಿಕ್ ಕಾಣುತ್ತದೆ. ಗೌಂಡಿಗಳ ಹತ್ತಿರ ನೀರು ತುಂಬಿದ ಪಾರದರ್ಶಕ ಲೆವೆಲ್ ಪೈಪ್ ಇರುತ್ತದಲ್ಲ, ಅದಕ್ಕಿಂತ ಒಳ್ಳೆಯ ಸಾಧನ ಇದಕ್ಕೆ ಇಲ್ಲ.

ನೀರು ಇಂಗದಂತೆ ಏನು ಹಾಕುವುದು? ನಾನು ಧಾರವಾಡದವಳು, ಎರೆ ಮಣ್ಣಿನ ನಾಡಿನವಳು. ಎರೆ ಮಣ್ಣು ತಂದು ತುಳಿದು ಮೆತ್ತಿದರೆ ಆಗುತ್ತದೆ ಅಂತ ಮೊದಲು ಅಂದುಕೊಂಡಿದ್ದೆ. ನೀರು ಇರುವವರೆಗೆ ಅದು ಉಬ್ಬಿ ಚೆನ್ನಾಗಿ ಹಿಡಿಯುತ್ತದೆ. ಒಣಗಿದರೆ ಕೈ ಹೋಗುವಷ್ಟು ಬಿರಿಯುತ್ತದೆ. ಬತ್ತುವ ಕೊಳಕ್ಕೆ ಅದೊಂದನ್ನೇ ನಂಬಲಾಗದು. ಹಾಗಾಗಿ ಶೇತ್‌ತಳೆಗೆ ಹಾಸುವ 500 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳೆಯನ್ನೇ ತಂದೆ. ಇಲ್ಲಿಯ ರೈತರು ಅದನ್ನು ಕಾಗದ ಅನ್ನುತ್ತಾರೆ. ಅಳತೆ ಸುಲಭ. ಕೊಳದ ಉದ್ದಕ್ಕೆ ಆಳದ ಎರಡರಷ್ಟು ಸೇರಿಸಿ, ಅಂಚಿಗೆ ಅಂತ 60 ಸೆಂಟಿಮೀಟರ್ ಸೇರಿಸಿ. ಅಗಲಕ್ಕೂ ಹಾಗೆಯೇ. ನನ್ನ ಕೊಳಕ್ಕೆ ಸುಮಾರು 5.1 ಮೀಟರ್ ಉದ್ದ, 4.1 ಮೀಟರ್ ಅಗಲದ ಹಾಳೆ ಬೇಕಾಯಿತು. ಮುರುಮಿನ ಚೂಪು ಕಲ್ಲು ಚುಚ್ಚದಂತೆ ಕೆಳಗೆ ಎರಡು ಇಂಚು ಮರಳು, ಅದರ ಮೇಲೆ ಗೊಬ್ಬರದ ಹಳೇ ಪ್ಲಾಸ್ಟಿಕ್ ಚೀಲಗಳನ್ನು ಬಿಡಿಸಿ ಹಾಸಿದೆವು. ಅಮ್ಮ ಹೊಲಿದ ಒಂದು ಹರಿದ ಕೌದಿ ಇತ್ತು. ಅದನ್ನು ಹಾಸಲು ಮನಸ್ಸಾಯಿತು, ಆದರೆ ಹತ್ತಿ ಬೇಗ ಕೊಳೆಯುತ್ತದೆ. ಕೌದಿ ಪೆಟ್ಟಿಗೆಯಲ್ಲೇ ಉಳಿಯಿತು.

ಹಾಳೆಯ ಮೇಲೆ ಎಲ್ಲ ಕಡೆ ಒಂದು ಗೇಣು ಮಣ್ಣು, ಸಣ್ಣ ಕಲ್ಲು ಹರಡಬೇಕು. ಬೇಸಿಗೆಯಲ್ಲಿ ನೀರು ಇಳಿದಾಗ ಬಿಸಿಲು ನೇರ ಬಿದ್ದರೆ ಹಾಳೆ ಸೀಳುತ್ತದೆ. ಮಣ್ಣಿದ್ದರೆ ಬಿಸಿಲು ತಾಗುವುದಿಲ್ಲ, ಕಪ್ಪೆಗೂ ಕಾಲು ಊರಲು ಆಗುತ್ತದೆ. ಆದರೆ ತೋಟದ ಫಲವತ್ತಾದ ಮಣ್ಣು, ಸಗಣಿ ಗೊಬ್ಬರ ಬೇಡವೇ ಬೇಡ. ಅದರಿಂದ ನೀರೆಲ್ಲ ಪಾಚಿ ಆಗುತ್ತದೆ. ಅಗೆದಾಗ ಕೆಳಗೆ ಸಿಕ್ಕ ಸಾರವಿಲ್ಲದ ಮಣ್ಣೇ ಸಾಕು. ಮೊದಲ ಒಂದೆರಡು ತಿಂಗಳು ನೀರು ಹಸಿರಾಗುತ್ತದೆ, ಹೆದರಬೇಡಿ. ಅದನ್ನು ಚೆಲ್ಲಬೇಡಿ, ಯಾವ ಔಷಧಿಯನ್ನೂ ಹಾಕಬೇಡಿ. ಗಿಡ ಬೆಳೆದಂತೆ ತಾನೇ ತಿಳಿಯಾಗುತ್ತದೆ.

ಈಗ ನೀರಿನ ವಿಷಯ. ನನ್ನ ಇಡೀ ಮಾತು ನಿಂತಿರುವುದು ಇದರ ಮೇಲೆ.

ಮೊದಲ ವರ್ಷ ಮಳೆನೀರಿಗೇ ಕೊಳ ತುಂಬಿತು. ಇಳಿಜಾರು ಇರುವುದರಿಂದ ಅದು ಹಿಡಿಯುವುದು ಸುಮಾರು 1,800 ಲೀಟರ್. ಅಡುಗೆಮನೆ ಮೇಲಿನ ಸೂರಿನ ಪೈಪನ್ನು ಕೊಳಕ್ಕೆ ತಿರುಗಿಸಿದ್ದೆ. 20 ಚದರ ಮೀಟರ್ ಸೂರಿನ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 200 ಲೀಟರ್ ನೀರು. ಮೊದಲ ಒಂದೆರಡು ಮಳೆಯ ನೀರನ್ನು ಮಾತ್ರ ಹೊರಗೆ ಬಿಟ್ಟೆ. ಸೂರಿನ ಧೂಳು, ಹಕ್ಕಿ ಹಿಕ್ಕೆ ಎಲ್ಲ ತೊಳೆದು ಹೋಗಬೇಕಲ್ಲ.

ಪಕ್ಕದ ಮನೆಯ ಆಜಿ ಬಹಳ ಪ್ರೀತಿಯವರು. ಸೊಳ್ಳೆ ಆಗಬಾರದು ಅಂತ ಒಂದು ಚರಿಗೆಯಲ್ಲಿ ಸಣ್ಣ ಮೀನುಗಳನ್ನು ತಂದು ಕೊಟ್ಟರು. ಗ್ಯಾಂಬೂಸಿಯಾ. ಅಮೆರಿಕ ಕಡೆಯ ಮೀನು, ಸೊಳ್ಳೆ ಮರಿ ತಿನ್ನಲಿ ಅಂತ 1928ರಲ್ಲಿ ನಮ್ಮ ದೇಶಕ್ಕೆ ತಂದದ್ದು. ನಾನೂ ಬಿಟ್ಟೆ. ಆ ಮಳೆಗಾಲದಲ್ಲಿ ಕಪ್ಪೆಗಳು ಕೂಗಿದವು, ಮೊಟ್ಟೆ ಇಟ್ಟವು. ಮೂರು ದಿನ ಗೊದಮೊಟ್ಟೆ ಕಂಡವು, ನಾಲ್ಕನೇ ದಿನ ಇಲ್ಲ. ಮತ್ತೆ ಮೊಟ್ಟೆ, ಮತ್ತೆ ಇಲ್ಲ. ಆ ಮೀನಿಗೆ ಸೊಳ್ಳೆ ಮರಿ ಯಾವುದು, ಕಪ್ಪೆ ಮರಿ ಯಾವುದು ಅನ್ನುವ ಭೇದವಿಲ್ಲ. ಬಾಯಿಗೆ ಹಿಡಿದದ್ದೆಲ್ಲ ತಿನ್ನುತ್ತದೆ, ಹಿಡಿಯದ್ದರ ಬಾಲ ಕಚ್ಚುತ್ತದೆ. ವರ್ಷ ಕಳೆಯುವ ಹೊತ್ತಿಗೆ ಕೊಳದಲ್ಲಿ ಆ ಮೀನೇ ನೂರಾರು, ಬೇರೆ ಏನೂ ಇಲ್ಲ.

ಆಮೇಲೆ 2019ರ ಬೇಸಿಗೆ ಬಂತು. ನಮ್ಮ ಕಡೆ ನಲ್ಲಿ ನೀರು ಬರುವುದು ಕಡಿಮೆಯಾಗಿ ಟ್ಯಾಂಕರ್ ತರಿಸುವ ಹಾಗಾಯಿತು. ಕೊಳಕ್ಕೆ ಒಂದು ಕೋಲು ನೆಟ್ಟು ಗುರುತು ಹಾಕಿದ್ದೆ. ಚಳಿಗಾಲದಲ್ಲಿ ವಾರಕ್ಕೆ ಸುಮಾರು 3 ಸೆಂಟಿಮೀಟರ್ ಇಳಿಯುತ್ತಿದ್ದ ನೀರು ಏಪ್ರಿಲ್ ಬರುವ ಹೊತ್ತಿಗೆ ವಾರಕ್ಕೆ 6–7 ಸೆಂಟಿಮೀಟರ್ ಇಳಿಯತೊಡಗಿತು. ಲೆಕ್ಕ ಹಾಕಿ ನೋಡಿ. 6 ಚದರ ಮೀಟರ್ ಕೊಳದಲ್ಲಿ ಒಂದು ಸೆಂಟಿಮೀಟರ್ ಇಳಿದರೆ 60 ಲೀಟರ್. ತುಂಬಿದ ಹಾಗೇ ಇಡಬೇಕು ಅಂದರೆ ದಿನಕ್ಕೆ ಹತ್ತಿರ ಹತ್ತಿರ 60 ಲೀಟರ್ ಹಾಕಬೇಕು. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನುವುದು ಸರಕಾರದ ಲೆಕ್ಕ. ಬೀದಿ ಕೊನೆಯಲ್ಲಿ ಹೆಂಗಸರು ಕೊಡ ಹಿಡಿದು ನಿಂತಿದ್ದಾಗ ನಾನು ಹಿತ್ತಲಲ್ಲಿ ಕೊಳಕ್ಕೆ ಮೂರು ನಾಲ್ಕು ಬಕೆಟ್ ಸುರಿಯುವುದು ಸರಿಯಲ್ಲ ಅನ್ನಿಸಿತು. ನಿಲ್ಲಿಸಿದೆ.

ನೀರು ಗುಂಡಿಗೆ ಇಳಿಯಿತು. ಮೀನುಗಳನ್ನೆಲ್ಲ ಸೋಸಿ ಹಿಡಿದು ಆಜಿಯ ಗಾಜಿನ ತೊಟ್ಟಿಗೆ ವಾಪಸ್ ಕೊಟ್ಟೆ. ಏಪ್ರಿಲ್ ಮುಗಿಯುವಾಗ ಕೆಸರು, ಮೇನಲ್ಲಿ ಒಣ ಮಣ್ಣು. ನೈದಿಲೆ ಎಲೆಗಳು ಕಾಗದದ ಹಾಗೆ ಒಣಗಿ ಪುಡಿಯಾದವು. ಒಂದು ವರ್ಷದ ಕೆಲಸ ಹೋಯಿತು ಅಂತ ಆ ಕಡೆ ಹೋಗುವುದನ್ನೇ ಬಿಟ್ಟಿದ್ದೆ. ಆ ವರ್ಷ ಮಳೆಯೂ ತಡ. ಆರಿದ್ರಾ ಕಾಲಿಟ್ಟ ಮೇಲೆ ಬಂತು.

ಮೊದಲ ಜೋರು ಮಳೆಯ ರಾತ್ರಿ ಹತ್ತು ಗಂಟೆಗೆ ಹಿತ್ತಲಿಂದ ಎಂಥ ಸದ್ದು ಅಂತೀರಿ! ಕಿಟಕಿ ಮುಚ್ಚಿದರೂ ಮಾತು ಕೇಳಿಸದಷ್ಟು. ಟಾರ್ಚ್ ಹಿಡಿದು ಹೋದೆ. ಮೊಣಕಾಲೆತ್ತರ ನೀರೂ ಇರಲಿಲ್ಲ, ಅಷ್ಟರಲ್ಲೇ ನೆಲಗಪ್ಪೆಗಳು ಹತ್ತಾರು. ಗಂಟಲು ಬಲೂನಿನ ಹಾಗೆ ಊದಿಸಿಕೊಂಡು ಕೂಗುತ್ತಿದ್ದವು. ಬೆರಳ ತುದಿಯಷ್ಟೇ ಇರುವ ಇನ್ನೊಂದು ಜಾತಿ ಕಲ್ಲಿನ ಸಂದಿಯಲ್ಲಿ ಕೂತು, ಬಾಚಣಿಗೆ ಹಲ್ಲನ್ನು ಉಗುರಿನಿಂದ ಎಳೆದ ಹಾಗೆ ಸದ್ದು ಮಾಡುತ್ತಿತ್ತು. ಬೆಳಿಗ್ಗೆ ನೀರಿನ ಗಿಡಗಳಿಗೆ ಕರಿಮಣಿ ಸರ ಸುತ್ತಿದ ಹಾಗೆ ಮೊಟ್ಟೆಗಳು. ನೆಲಗಪ್ಪೆ ಹಾಗೇ ಇಡುವುದು, ಉದ್ದನೆಯ ಅಂಟಿನ ದಾರದಲ್ಲಿ ಸಾವಿರಗಟ್ಟಲೆ ಕರಿ ಚುಕ್ಕೆ. ಆ ವರ್ಷ ತಿನ್ನುವ ಮೀನು ಇರಲಿಲ್ಲ. ಆಗಸ್ಟ್‌ನಲ್ಲಿ ಮಳೆ ನಿಂತ ಒಂದು ಬೆಳಿಗ್ಗೆ ಇಳಿಜಾರಿನ ಕಡೆಯಿಂದ ಮರಿಗಪ್ಪೆಗಳು ಹೊರಗೆ ಬರುತ್ತಿದ್ದವು. ಎಷ್ಟು ಅಂದರೆ ಕಾಲಿಡಲು ಜಾಗ ಹುಡುಕಬೇಕಾಯಿತು. ನೈದಿಲೆ ಗಡ್ಡೆ ಮಣ್ಣೊಳಗೆ ಜೀವ ಹಿಡಿದುಕೊಂಡಿತ್ತು, ಮತ್ತೆ ಚಿಗುರಿತು.

ಆಮೇಲೆ ಯೋಚಿಸಿದರೆ ಎಲ್ಲ ಸರಿಹೋಗುತ್ತದೆ. ಬತ್ತುವ ನೀರಿನಲ್ಲಿ ಮೀನು ಉಳಿಯುವುದಿಲ್ಲ. ಮೀನು ಇಲ್ಲದ ನೀರನ್ನೇ ನಮ್ಮ ಎಷ್ಟೋ ಕಪ್ಪೆಗಳು ಹುಡುಕುವುದು. ಹೊಲದ ಮಡು, ರಸ್ತೆ ಬದಿ ತಗ್ಗು, ಬಂಡೆ ಮೇಲಿನ ಹೊಂಡ. ಒಂದು ತಿಂಗಳು ಒಂದೂವರೆ ತಿಂಗಳಲ್ಲಿ ಗೊದಮೊಟ್ಟೆ ಕಪ್ಪೆಯಾಗಿ ಹೊರಟುಬಿಡುತ್ತದೆ. ಸಾತಾರಾ ಹತ್ತಿರದ ಕಾಸ್ ಪ್ರಸ್ಥಭೂಮಿಗೆ ಹೂ ನೋಡಲು ನಿಮ್ಮಲ್ಲಿ ಬಹಳ ಜನ ಹೋಗಿರುತ್ತೀರಿ. ಅಂಥ ಬಂಡೆಯ ಮೇಲೆ ಮಳೆಗಾಲದಲ್ಲಿ ತಟ್ಟೆಯಷ್ಟು ತಟ್ಟೆಯಷ್ಟು ಹೊಂಡ ಆಗುತ್ತವೆ. ಸಹ್ಯಾದ್ರಿಯ ಇಂಥ ಹೊಂಡಗಳಲ್ಲಿ ಒಂದು ಜಾತಿಯ ಪುಟ್ಟ ಸಿಗಡಿ ಇರುತ್ತದೆ. ಅಂಗಾತ ಈಜುತ್ತದೆ. ಅದರ ಮೊಟ್ಟೆ ಬೇಸಿಗೆಯಿಡೀ ಒಣ ಮಣ್ಣಿನಲ್ಲಿ ಕಾದಿದ್ದು ಮಳೆಗೆ ಒಡೆಯುತ್ತದೆ. ಬತ್ತುವುದು ಅವುಗಳ ಬದುಕಿನ ಒಂದು ಭಾಗ.

ಆಮೇಲಿನ ವರ್ಷಗಳಲ್ಲಿ ಬಂದವರ ಪಟ್ಟಿ ದೊಡ್ಡದು. ಎಲ್ಲ ಹೇಳುವುದಿಲ್ಲ. ಮಿಂಚುಳ್ಳಿ ಬಂತು, ಕೊಕ್ಕರೆ ಬಂತು, ಪಿಕಳಾರಗಳು ದಿನಾ ಸ್ನಾನಕ್ಕೆ ಬರುತ್ತವೆ. ಸಂಜೆ ಬಾವಲಿ ಹಾರುತ್ತಲೇ ನೀರು ಕುಡಿದು ಹೋಗುತ್ತದೆ. ಆದರೆ ಎರಡನ್ನು ಮಾತ್ರ ವಿವರವಾಗಿ ಹೇಳಲೇಬೇಕು.

ಒಂದು, ಮರಗಪ್ಪೆ. ಜುಲೈನಲ್ಲಿ ಕೊಳದ ಮೇಲಿನ ಕಾಂಪೌಂಡ್ ಗೋಡೆಗೆ ಯಾರೋ ಸೋಪಿನ ನೊರೆ ಎರಚಿದ ಹಾಗೆ ಮುಷ್ಟಿಯಷ್ಟು ಬಿಳಿ ಗುಡ್ಡೆ. ಒರೆಸಲು ಬಟ್ಟೆ ಹಿಡಿದು ಹೋಗಿದ್ದೆ. ಹತ್ತಿರ ಹೋದಾಗ ಗೊತ್ತಾಯಿತು, ಅದು ಗೂಡು. ಹೆಣ್ಣು ಮರಗಪ್ಪೆ ಮೊಟ್ಟೆ ಇಡುವಾಗ ಹಿಂಗಾಲಿನಿಂದ ಕಡೆದು ಕಡೆದು ನೊರೆ ಎಬ್ಬಿಸುತ್ತದೆ. ನಾವು ಮೊಸರು ಕಡೆಯುತ್ತೇವಲ್ಲ, ಹಾಗೆ. ಹೊರಗಿನ ನೊರೆ ಒಣಗಿ ಗಟ್ಟಿಯಾಗುತ್ತದೆ, ಒಳಗೆ ತೇವ ಇರುತ್ತದೆ. ಕೆಲವು ದಿನಕ್ಕೆ ಮರಿಗಳು ನೊರೆ ಕರಗಿಸಿಕೊಂಡು ಒಂದೊಂದಾಗಿ ಟಪ್ ಟಪ್ ಅಂತ ನೀರಿಗೆ ಬೀಳುತ್ತವೆ. ನೀರಿನ ಮೇಲೆ ಚಾಚಿದ ಒಂದು ಕೊಂಬೆಯೋ ಗೋಡೆಯೋ ಇರಲಿ ಅಂತ ಹೇಳುವುದು ಇದಕ್ಕೇ.

ಇನ್ನೊಂದು, ಏರೋಪ್ಲೇನ್ ಚಿಟ್ಟೆ. ಮರಾಠಿಯಲ್ಲಿ ಚತುರ್ ಅನ್ನುತ್ತಾರೆ. ಮಳೆ ನಿಂತ ಮೇಲೆ ಮೈದಾನದ ಮೇಲೆ ನೂರಾರು ಹಳದಿ ಚಿಟ್ಟೆಗಳು ಹಾರುವುದನ್ನು ನೋಡಿರುತ್ತೀರಿ. ಅವು ಇಡುವ ಮೊಟ್ಟೆ ಇಂಥ ತಾತ್ಕಾಲಿಕ ನೀರಿಗೇ. ಎಷ್ಟೋ ಸಲ ಹೊಳೆಯುವ ಕಾರಿನ ಬಾನೆಟ್ ನೀರಿನ ಹಾಗೆ ಕಂಡು ಅದರ ಮೇಲೆ ಮೊಟ್ಟೆ ಇಡಲು ಹೋಗುತ್ತವೆ, ಪಾಪ. ಮಾಲ್ಡೀವ್ಸ್‌ನಲ್ಲಿದ್ದ ಚಾರ್ಲ್ಸ್ ಆಂಡರ್ಸನ್ ಎಂಬ ಜೀವವಿಜ್ಞಾನಿ ಇವುಗಳನ್ನು ವರ್ಷಗಟ್ಟಲೆ ಗಮನಿಸಿ 2009ರಲ್ಲಿ ಒಂದು ವಿಷಯ ಬರೆದರು. ಮಳೆಗಾಲ ಮುಗಿದ ಮೇಲೆ ಇವು ಭಾರತದಿಂದ ಸಮುದ್ರ ದಾಟಿ, ಮಾಲ್ಡೀವ್ಸ್ ಮೇಲೆ ಹಾಯ್ದು, ಆಫ್ರಿಕಾಕ್ಕೆ ಹೋಗುತ್ತವೆ ಅಂತ. ಅಲ್ಲಿಯ ಮಳೆಯಲ್ಲಿ ಹುಟ್ಟಿದ ಮುಂದಿನ ತಲೆಮಾರುಗಳು ಮುಂಗಾರಿನ ಗಾಳಿ ಹಿಡಿದು ವಾಪಸ್ ಬರುತ್ತವೆ. ಧಾಯರಿಯ ಹಿತ್ತಲಿನ 75 ಸೆಂಟಿಮೀಟರ್ ನೀರಿನಲ್ಲಿ ಬೆಳೆದ ಹುಳು ರೆಕ್ಕೆ ಬಲಿತು ಅರಬ್ಬಿ ಸಮುದ್ರದ ಕಡೆ ಹೊರಡುತ್ತಿರಬಹುದು. ಬೆಳಿಗ್ಗೆ ಜೊಂಡಿನ ಕಡ್ಡಿಗೆ ಅಂಟಿಕೊಂಡ ಅದರ ಖಾಲಿ ಪೊರೆ ನೋಡಿದಾಗೆಲ್ಲ ನನಗೆ ಅದೇ ನೆನಪು.

ಜೊಂಡು ಅಂದೆ. ಅದನ್ನು ನಾನು ನೆಟ್ಟಿದ್ದು ಕುಂಡದಲ್ಲಿ. ನೆಲಕ್ಕೆ ಬಿಟ್ಟರೆ ಎರಡು ವರ್ಷದಲ್ಲಿ ಕೊಳ ತುಂಬುತ್ತದೆ, ಬೇರು ಹಾಳೆಯನ್ನೂ ಚುಚ್ಚುತ್ತದೆ. ನೈದಿಲೆ ಒಂದೇ ಗಡ್ಡೆ ಸಾಕು. ಅಂಚಿಗೆ ಬಜೆ, ನೀರು ಬ್ರಾಹ್ಮಿ, ಹೊನಗೊನೆ, ಒಂದೆಲಗ. ಒಂದೆಲಗದ ತಂಬುಳಿಯೂ ಆಗುತ್ತದೆ. ನೇರಳೆ ಹೂ ಚೆಂದ ಅಂತ ಜಲಪರ್ಣಿ, ಅಂದರೆ ವಾಟರ್ ಹಯಸಿಂತ್, ಮಾತ್ರ ತರಬೇಡಿ. ಮುಳಾ ಮುಠಾ ನದಿಯನ್ನು ಅದು ಏನು ಮಾಡಿದೆ ಅಂತ ಸೇತುವೆ ಮೇಲೆ ಓಡಾಡುವ ನಮಗೆಲ್ಲ ಗೊತ್ತು.

ಇನ್ನು ಸಭೆಯಲ್ಲಿ ಕೇಳಿದ ಪ್ರಶ್ನೆಗಳು.

ಸೊಳ್ಳೆ ಆಗುವುದಿಲ್ಲವೇ, ಡೆಂಗಿ ಬಂದರೆ ಯಾರು ಹೊಣೆ ಅಂತ ಒಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಡೆಂಗಿ ತರುವ ಈಡಿಸ್ ಸೊಳ್ಳೆ ಪಾತ್ರೆಗಳ ಸೊಳ್ಳೆ. ಕುಂಡದ ಕೆಳಗಿನ ತಟ್ಟೆ, ಫ್ರಿಜ್ ಹಿಂದಿನ ಟ್ರೇ, ಹಳೇ ಟೈರು, ಮುಚ್ಚಳ ಸರಿ ಇಲ್ಲದ ಟ್ಯಾಂಕ್, ಇವು ಅದಕ್ಕೆ ಇಷ್ಟ. ಪಾತ್ರೆಯ ಗೋಡೆಗೆ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಮೊಟ್ಟೆ ಇಡುತ್ತದೆ. ಆ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಕೊಳದಲ್ಲಿ ಏರೋಪ್ಲೇನ್ ಚಿಟ್ಟೆಯ ಮರಿ, ಅಂಗಾತ ಈಜುವ ಹುಳು, ನೀರಿನ ಮೇಲೆ ಓಡುವ ಹುಳು ಸೇರಿಕೊಂಡರೆ ಸೊಳ್ಳೆ ಮರಿ ಉಳಿಯುವುದು ಕಷ್ಟ. ಆದರೆ ಎರಡು ಹೊತ್ತಿನಲ್ಲಿ ಎಚ್ಚರ ಬೇಕು. ಮೊದಲ ಮಳೆಗೆ ತುಂಬಿದ ಎರಡು ಮೂರು ವಾರ, ಯಾಕೆಂದರೆ ತಿನ್ನುವವರು ಇನ್ನೂ ಬಂದಿರುವುದಿಲ್ಲ. ಮತ್ತೆ ಬೇಸಿಗೆಯಲ್ಲಿ ಕೊನೆಯ ಗುಂಡಿ ನೀರು ಉಳಿದಾಗ. ಮೊಟ್ಟೆಯಿಂದ ಸೊಳ್ಳೆ ಆಗಲು ಒಂದು ವಾರ ಹತ್ತು ದಿನ. ಹಾಗಾಗಿ ನಾಲ್ಕು ದಿನಕ್ಕೊಮ್ಮೆ ಬಿಳಿ ಬಟ್ಟಲಲ್ಲಿ ನೀರು ಎತ್ತಿ ನೋಡುತ್ತೇನೆ. ಕುಣಿಯುವ ಹುಳು ಕಂಡರೆ ಚಹಾ ಸೋಸುವ ಜಾಲರಿಯಿಂದ ತೆಗೆಯುತ್ತೇನೆ. ಜಾಸ್ತಿ ಇದ್ದರೆ ಬಿಟಿಐ ಅನ್ನುವ ಬ್ಯಾಕ್ಟೀರಿಯಾದ ಪುಡಿ ಹಾಕಬಹುದು. ಸೊಳ್ಳೆ ಮರಿಯನ್ನು ಕೊಲ್ಲುತ್ತದೆ, ಕಪ್ಪೆಗೆ ಏನೂ ಮಾಡುವುದಿಲ್ಲ. ಕೊನೆಯ ಗುಂಡಿ ನೀರನ್ನು ಗಿಡಕ್ಕೆ ಎರೆದುಬಿಡುತ್ತೇನೆ. ಸೀಮೆಎಣ್ಣೆ, ಹಳೇ ಎಂಜಿನ್ ಎಣ್ಣೆ ಮಾತ್ರ ಸುರಿಯಬೇಡಿ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ. ತೋಟಕ್ಕೆ ಹೊಡೆಯುವ ಕೀಟನಾಶಕವೂ ಅದರ ಮೈಗೆ ನೇರ ಇಳಿಯುತ್ತದೆ.

ಹಾವು ಬರುವುದಿಲ್ಲವೇ? ಬರುತ್ತದೆ. ನಮ್ಮಲ್ಲಿ ನೀರುಹಾವು ಎರಡು ಸಲ ಬಂದಿದೆ, ಇಲ್ಲಿಯವರು ದಿವಡ ಅನ್ನುತ್ತಾರೆ. ವಿಷ ಇಲ್ಲ, ಆದರೆ ಹಿಡಿಯಲು ಹೋದರೆ ಜೋರಾಗಿ ಕಚ್ಚುತ್ತದೆ. ಕಪ್ಪೆ ಇರುವ ಕಡೆ ನಾಗರಹಾವೂ ಬರಬಹುದು. ಇದನ್ನು ಮುಚ್ಚಿಡುವುದಿಲ್ಲ. ಮನೆಯಿಂದ ಕೊಳಕ್ಕೆ ಹೋಗುವ ದಾರಿಯಲ್ಲಿ ಹುಲ್ಲು ಬೆಳೆಯಲು ಬಿಡುವುದಿಲ್ಲ. ಕತ್ತಲಾದ ಮೇಲೆ ಟಾರ್ಚ್ ಇಲ್ಲದೆ, ಚಪ್ಪಲಿ ಇಲ್ಲದೆ ಯಾರೂ ಹೋಗುವುದಿಲ್ಲ. ಹಾವು ಹಿಡಿಯುವವರ ಫೋನ್ ನಂಬರ್, ಪ್ರತಿವಿಷ ಇರುವ ಆಸ್ಪತ್ರೆ ಯಾವುದು ಅನ್ನುವುದು ಎರಡೂ ಅಡುಗೆಮನೆ ಗೋಡೆ ಮೇಲೆ ಬರೆದಿದೆ. ಇಷ್ಟಕ್ಕೂ ಮನಸ್ಸು ಒಪ್ಪದಿದ್ದರೆ ಕೊಳ ಮಾಡಬೇಡಿ, ಅದರಲ್ಲಿ ತಪ್ಪೇನಿಲ್ಲ. ಮನೆಯಲ್ಲಿ ಅಂಬೆಗಾಲಿಡುವ ಮಗು ಇದ್ದರಂತೂ ಈಗ ಬೇಡವೇ ಬೇಡ. ಒಂದು ಗೇಣು ನೀರೂ ಮಗುವಿಗೆ ಅಪಾಯ. ನಾಲ್ಕೈದು ವರ್ಷ ಕಾಯಿರಿ.

ಫ್ಲ್ಯಾಟಿನಲ್ಲಿರುವವರು ಏನು ಮಾಡುವುದು ಅಂತ ಹಲವರು ಕೇಳಿದರು. ಟೆರೇಸ್ ಮೇಲೆ ಕೊಳ ಕಟ್ಟುವ ಮೊದಲು ತೂಕ ನೆನಪಿಡಿ. 30 ಸೆಂಟಿಮೀಟರ್ ನೀರು ಅಂದರೆ ಚದರ ಮೀಟರಿಗೆ 300 ಕಿಲೋ, ಮಣ್ಣು ಕಲ್ಲು ಬೇರೆ. ಎಂಜಿನಿಯರನ್ನು ಕೇಳದೆ ಮಾಡಬೇಡಿ. ಬಾಲ್ಕನಿಯಲ್ಲಿ ಒಂದು ಟಬ್, ಒಂದು ನೈದಿಲೆ, ಅದಕ್ಕೆ ಬೇಕಾದರೆ ಒಂದೆರಡು ಗಪ್ಪಿ ಮೀನು ಇರಲಿ. ಆ ಮೀನನ್ನು ಯಾವತ್ತೂ ಕೆರೆಗೋ ಹಳ್ಳಕ್ಕೋ ಬಿಡಬೇಡಿ. ಆದರೆ ನನ್ನನ್ನು ಕೇಳಿದರೆ, ಫ್ಲ್ಯಾಟಿನವರಿಗೆ ಇದಕ್ಕಿಂತ ಒಳ್ಳೆಯ ಕೆಲಸ ಸೊಸೈಟಿ ಅಂಗಳದಲ್ಲಿದೆ. ಮಳೆಗಾಲದಲ್ಲಿ ಯಾವ ಮೂಲೆಯಲ್ಲಿ ತಾನಾಗಿ ನೀರು ನಿಲ್ಲುತ್ತದೆ ನೋಡಿ. ಅದಕ್ಕೆ ಕಾಂಕ್ರೀಟ್ ಸುರಿಯಬೇಕು ಅಂತ ಸಭೆಯಲ್ಲಿ ಮಾತು ಬಂದೇ ಬರುತ್ತದೆ. ಆ ಮೂಲೆಯನ್ನು ನನಗೆ ಬಿಡಿ, ನಾಲ್ಕು ದಿನಕ್ಕೊಮ್ಮೆ ಬಟ್ಟಲು ಹಿಡಿದು ನಾನೇ ನೋಡಿಕೊಳ್ಳುತ್ತೇನೆ ಅಂತ ಒಬ್ಬರು ಎದ್ದು ನಿಂತರೆ ಸಾಕು. ಪುಣೆಯ ಸಾರಸ್‌ಬಾಗ್ ಉದ್ಯಾನದ ಗಣಪತಿಯನ್ನು ಇಲ್ಲಿಯ ಹಿರಿಯರು ಈಗಲೂ ತಳ್ಯಾತಲಾ ಗಣಪತಿ, ಕೆರೆಯೊಳಗಿನ ಗಣಪತಿ ಅನ್ನುತ್ತಾರೆ. ಪೇಶ್ವೆಯವರ ಕಾಲದಲ್ಲಿ ಆ ಗುಡಿಯ ಸುತ್ತ ಕೆರೆಯೇ ಇತ್ತು. ಈಗ ಹುಲ್ಲುಹಾಸು.

ಬೇರೆ ಕಡೆಯಿಂದ ಗೊದಮೊಟ್ಟೆ ತಂದು ಬಿಡಬಹುದೇ ಅಂತ ಒಬ್ಬ ತಾಯಿ ಕೇಳಿದರು. ಬೇಡಮ್ಮ. ಅದರ ಜೊತೆ ರೋಗ ಬರುತ್ತದೆ, ಬೇಡದ ಮೀನಿನ ಮೊಟ್ಟೆ ಬರುತ್ತದೆ. ನೀರು ಇದ್ದರೆ ತಾವೇ ಬರುತ್ತವೆ. ಸ್ವಲ್ಪ ಕಾಯಬೇಕು, ಅಷ್ಟೇ. ಒಂದು ಕಡೆ ಎಲೆ ಕಸ, ಕಲ್ಲಿನ ಗುಡ್ಡೆ ಹಾಗೇ ಬಿಡಿ, ರಾತ್ರಿ ದೀಪ ಆರಿಸಿ.

ಕೊನೆಯ ಪ್ರಶ್ನೆ ಅವರ ಮಗನದು. ಐದನೇ ಕ್ಲಾಸಂತೆ. ಕೊಳ ಒಣಗಿದಾಗ ಕಪ್ಪೆ ಎಲ್ಲಿ ಹೋಗುತ್ತದೆ ಆಂಟಿ, ಅಂತ ಕೇಳಿದ.

ನೆಲಗಪ್ಪೆಗಳು ಕಲ್ಲಿನ ಕೆಳಗೆ, ಕುಂಡದ ಕೆಳಗೆ ತಂಪಿನಲ್ಲಿ ಕೂತಿರುತ್ತವೆ ಕಂದಾ. ಇನ್ನೊಂದು ಗುಂಡಗಿನ ಕಪ್ಪೆ ಇದೆ. ಅದರ ಹಿಂಗಾಲಿನ ಪಾದದಲ್ಲಿ ಸಲಿಕೆಯ ಹಾಗೆ ಗಟ್ಟಿ ಅಂಚು. ಹಿಂದಕ್ಕೆ ಹಿಂದಕ್ಕೆ ತಳ್ಳಿಕೊಂಡು ಮಣ್ಣೊಳಗೆ ಇಳಿದುಬಿಡುತ್ತದೆ. ಕಳೆದ ಏಪ್ರಿಲ್‌ನಲ್ಲಿ ಕರಿಬೇವಿನ ಗಿಡದ ಬುಡ ಅಗೆಯುವಾಗ ಸಲಿಕೆಗೆ ಏನೋ ಮೆತ್ತಗೆ ತಾಗಿತು. ಕೈಯಿಂದ ಮಣ್ಣು ಸರಿಸಿ ನೋಡಿದೆ. ಬೆಂಕಿಪೊಟ್ಟಣದಷ್ಟು ಕಪ್ಪೆ, ಕಾಲು ಮಡಚಿ, ಕಣ್ಣು ಮುಚ್ಚಿ ಕೂತಿತ್ತು. ಗಂಟಲು ಮಾತ್ರ ಸಣ್ಣಗೆ ಮಿಡಿಯುತ್ತಿತ್ತು. ಅದರ ಮೇಲೆ ಮಣ್ಣು ಮುಚ್ಚಿದೆ. ಮಳೆ ಬರುವವರೆಗೆ ಆ ಗಿಡದ ಬುಡ ಯಾರೂ ಅಗೆಯಬಾರದು ಅಂತ ಒಂದು ಇಟ್ಟಿಗೆ ಇಟ್ಟು ಬಂದೆ.